ನೈರ್ಮಲ್ಯ ಉತ್ಪನ್ನಗಳ ಜಾಹೀರಾತಿನಲ್ಲಿ ಹಾಸ್ಯ

ನೈರ್ಮಲ್ಯ ಉತ್ಪನ್ನಗಳ ಜಾಹೀರಾತಿನಲ್ಲಿ ಹಾಸ್ಯ ಎಂಬುದು ಸ್ಯಾನಿಟರಿ ಪ್ಯಾಡ್, ಟಾಯ್ಲೆಟ್ ಪೇಪರ್, ದುರ್ಗಂಧನಾಶಕ ಮುಂತಾಗಿ ನಾಲ್ಕು ಜನರೆದುರು ಹೆಸರಿಸಲು ಸಂಕೋಚವಾಗುವ ವಸ್ತುಗಳನ್ನು ನಗೆಯ ಮೂಲಕ ಪ್ರಚಾರ ಮಾಡುವ ವಿಧಾನವಾಗಿದೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಂತಹ ವಸ್ತುಗಳ ಜಾಹೀರಾತುಗಳು ಹೆಚ್ಚಾಗಿ ಭಯವನ್ನೋ ಮೌನವನ್ನೋ ಅವಲಂಬಿಸಿದ್ದವು. ದೂರದರ್ಶನದ ಕಾಲದಲ್ಲಿ ಹಾಸ್ಯವು ಪ್ರವೇಶ ಪಡೆಯಿತು. 2010ರ ನಂತರ ಅಂತರಜಾಲದ ವಿಡಿಯೊಗಳಲ್ಲಿ ಪ್ರಧಾನ ಶೈಲಿಗಳಲ್ಲೊಂದಾಯಿತು. ಈ ಬಗೆಯ ಜಾಹೀರಾತನ್ನು ಪರಿಶೀಲಿಸುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ನಗೆಗೆ ಗುರಿಯಾಗುವವರು ಯಾರು, ವಸ್ತುವನ್ನು ಬಳಸುವವರೋ ಅಥವಾ ಅದರ ಬಗ್ಗೆ ಮಾತನಾಡಲು ಅಂಜುವವರೋ?

ಹಿನ್ನೆಲೆ

ಸಾಬೂನಿನ ನೊರೆಯನ್ನು ಪರದೆಯ ಮೇಲೆ ತೋರಿಸಬಹುದು, ಟೂತ್‌ಪೇಸ್ಟ್ ಹಚ್ಚಿ ಹಲ್ಲುಜ್ಜುವುದನ್ನೂ ತೋರಿಸಬಹುದು. ಪ್ಯಾಡ್ ಅಥವಾ ಟಾಯ್ಲೆಟ್ ಪೇಪರಿನ ವಿಷಯದಲ್ಲಿ ಬಳಕೆಯನ್ನು ತೋರಿಸುವಂತಿಲ್ಲ. ಬಹುಕಾಲ ಹೆಸರು ಹೇಳುವುದೂ ಕಷ್ಟವಾಗಿತ್ತು. ಈ ಕೊರತೆಯನ್ನು ಮೊದಲು ತುಂಬಿದ್ದು ಭಯ. ಶಸ್ತ್ರಚಿಕಿತ್ಸಕರೊಬ್ಬರು ತಮ್ಮ ಅಂಗೈ ಬೆವರದಿರಲೆಂದು ತಯಾರಿಸಿದ ದ್ರವವೇ ಮುಂದೆ ಅಮೆರಿಕದಲ್ಲಿ 'ಒಡೊರೊನೊ' ಎಂಬ ಹೆಸರಿನಲ್ಲಿ ಮಾರಾಟವಾಯಿತು. 1919ರಲ್ಲಿ 'ಲೇಡೀಸ್ ಹೋಮ್ ಜರ್ನಲ್' ಪತ್ರಿಕೆಯಲ್ಲಿ ಪ್ರಕಟವಾದ ಅದರ ಜಾಹೀರಾತು, ಮಹಿಳೆಗೆ ತನ್ನ ಕಂಕುಳಿನ ವಾಸನೆ ತನಗೇ ತಿಳಿಯದೆ ಹೋಗಬಹುದು ಎಂದು ಎಚ್ಚರಿಸಿತು. ಅವಮಾನಗೊಂಡ ಸುಮಾರು 200 ಓದುಗರು ಪತ್ರಿಕೆಯ ಚಂದಾ ನಿಲ್ಲಿಸಿದರು. ಆದರೆ ಉತ್ಪನ್ನದ ಮಾರಾಟ ಏರಿತು. 1920ರ ದಶಕದಲ್ಲಿ ಲಿಸ್ಟರಿನ್ ಕಂಪನಿಯು ಬಾಯಿಯ ದುರ್ವಾಸನೆಗೆ ವೈದ್ಯಕೀಯವಾಗಿ ಕೇಳಿಸುವ 'ಹ್ಯಾಲಿಟೋಸಿಸ್' ಎಂಬ ಹಳೆಯ ಪದವನ್ನು ಬಳಕೆಗೆ ತಂದು ಇದೇ ದಾರಿಯಲ್ಲಿ ನಡೆಯಿತು.

ಎರಡನೆಯ ದಾರಿ ಮೌನ. ಮೊದಲ ಮಹಾಯುದ್ಧದಲ್ಲಿ ಗಾಯಕ್ಕೆ ಕಟ್ಟಲು ಬಳಸಿದ ಸೆಲ್ಯುಕಾಟನ್ ಎಂಬ ಹೀರುವಸ್ತುವಿನಿಂದ ತಯಾರಾದ ಕೋಟೆಕ್ಸ್ ಪ್ಯಾಡ್ 1920ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತು. ಗಂಡಸು ನಿಂತಿರುವ ಅಂಗಡಿಯಲ್ಲಿ ಅದನ್ನು ಕೇಳಲು ಹೆಂಗಸರು ಹಿಂಜರಿದ ಕಾರಣ, ಮಾತಿಲ್ಲದೆ ಹಣ ಹಾಕಿ ಪೊಟ್ಟಣ ಎತ್ತಿಕೊಳ್ಳುವಂತೆ ಪೆಟ್ಟಿಗೆಗಳನ್ನು ಇರಿಸಲಾಯಿತು. ಜರ್ಮನಿಯಲ್ಲಿ 1928ರಲ್ಲಿ ಹಾನ್ಸ್ ಕ್ಲೆಂಕ್ ಆರಂಭಿಸಿದ 'ಹಾಕ್ಲೆ' ಟಾಯ್ಲೆಟ್ ಪೇಪರಿನ ಘೋಷವಾಕ್ಯವು, ಹಾಕ್ಲೆ ಎಂದು ಕೇಳಿದರೆ ಟಾಯ್ಲೆಟ್ ಪೇಪರ್ ಎಂದು ಉಚ್ಚರಿಸುವ ಕಷ್ಟ ತಪ್ಪುತ್ತದೆ ಎಂಬ ಭರವಸೆ ನೀಡಿತು. ಇದನ್ನು ಈ ಪ್ರಕಾರದ ಆರಂಭದ ತಿಳಿಹಾಸ್ಯವೆಂದೇ ಪರಿಗಣಿಸಬಹುದು. ಮೌನದ ಪರಾಕಾಷ್ಠೆಯೆಂದರೆ 1948ರಲ್ಲಿ ಆರಂಭವಾದ 'ಮೋಡೆಸ್' ಪ್ಯಾಡ್‌ನ ಪ್ರಚಾರಸರಣಿ. ಬೆಲೆಬಾಳುವ ಉಡುಪು ತೊಟ್ಟ ರೂಪದರ್ಶಿಯ ಚಿತ್ರ, ಪಕ್ಕದಲ್ಲಿ 'ಮೋಡೆಸ್... ಏಕೆಂದರೆ' ಎಂಬ ಎರಡು ಪದಗಳು. ಏಕೆ ಎಂಬುದನ್ನು ಜಾಹೀರಾತು ಹೇಳುತ್ತಿರಲಿಲ್ಲ.

ಟಾಯ್ಲೆಟ್ ಪೇಪರ್ ಮತ್ತು ಮಿಸ್ಟರ್ ವಿಪಲ್

ದೂರದರ್ಶನದಲ್ಲಿ ಹಾಸ್ಯಕ್ಕೆ ಮೊದಲು ಒಗ್ಗಿಕೊಂಡದ್ದು ಟಾಯ್ಲೆಟ್ ಪೇಪರ್. 1964ರಿಂದ 1985ರವರೆಗೆ ಪ್ರಸಾರವಾದ ಚಾರ್ಮಿನ್ ಜಾಹೀರಾತುಗಳಲ್ಲಿ ನಟ ಡಿಕ್ ವಿಲ್ಸನ್ ಅಂಗಡಿಯ ಮೇಲ್ವಿಚಾರಕ ಮಿಸ್ಟರ್ ವಿಪಲ್‌ನ ಪಾತ್ರ ವಹಿಸಿದರು. ಕಾಗದದ ಉರುಳೆಗಳನ್ನು ಹಿಸುಕಬೇಡಿರೆಂದು ಗ್ರಾಹಕಿಯರನ್ನು ಗದರಿಸುವ ವಿಪಲ್, ಯಾರೂ ನೋಡದಿರುವಾಗ ತಾನೇ ಹಿಸುಕಿ ಸಿಕ್ಕಿಬೀಳುತ್ತಾನೆ. 500ಕ್ಕೂ ಹೆಚ್ಚು ಜಾಹೀರಾತುಗಳು ಈ ಒಂದೇ ಎಳೆಯ ಮೇಲೆ ನಿಂತವು. ಇಲ್ಲಿನ ಜಾಣತನವೆಂದರೆ, ಕಾಗದದ ಮೃದುತ್ವವು ಕೈಯಲ್ಲೇ ಸಾಬೀತಾಗುತ್ತದೆ. ಅದು ನಿಜವಾಗಿ ಯಾವ ಕೆಲಸಕ್ಕೆಂಬ ಮಾತು ಬರುವುದೇ ಇಲ್ಲ. ನಗೆ ಇಲ್ಲಿ ಮೌನವನ್ನು ಮುರಿಯಲಿಲ್ಲ, ಅದಕ್ಕೆ ಒಪ್ಪವಾದ ಹೊದಿಕೆ ಹಾಕಿತು.

ನೀಲಿ ದ್ರವ

ಅಮೆರಿಕದ ದೂರದರ್ಶನದಲ್ಲಿ ಸ್ಯಾನಿಟರಿ ಪ್ಯಾಡ್‌ಗಳ ಜಾಹೀರಾತಿಗೆ 1972ರವರೆಗೆ ಅವಕಾಶವಿರಲಿಲ್ಲ. ಮುಟ್ಟನ್ನು ಸೂಚಿಸುವ 'ಪೀರಿಯಡ್' ಎಂಬ ಪದ ಅಲ್ಲಿನ ಜಾಹೀರಾತಿನಲ್ಲಿ ಮೊದಲು ಕೇಳಿಸಿದ್ದು 1985ರಲ್ಲಿ, ಟ್ಯಾಂಪ್ಯಾಕ್ಸ್‌ಗಾಗಿ ನಟಿ ಕರ್ಟ್ನಿ ಕಾಕ್ಸ್ ಅದನ್ನು ಉಚ್ಚರಿಸಿದಾಗ. ರಕ್ತದ ಬದಲು ಪ್ಯಾಡ್‌ನ ಮೇಲೆ ನೀಲಿ ದ್ರವ ಸುರಿಯುವುದು, ಬಿಳಿ ಉಡುಪಿನ ಯುವತಿ ಕುಣಿಯುವುದು ಅಥವಾ ಕುದುರೆ ಸವಾರಿ ಮಾಡುವುದು ಹಲವು ದೇಶಗಳಲ್ಲಿ ರೂಢಿಯಾಯಿತು. ಭಾರತದ ಪ್ರೇಕ್ಷಕರಿಗೂ ಈ ನೀಲಿ ದ್ರವ ಚಿರಪರಿಚಿತ.

ಮುಂದಿನ ಹಾಸ್ಯಕ್ಕೆ ಈ ರೂಢಿಯೇ ಸಾಮಗ್ರಿಯಾಯಿತು. 2010ರಲ್ಲಿ 'ಯು ಬೈ ಕೋಟೆಕ್ಸ್' ಜಾಹೀರಾತಿನಲ್ಲಿ ಯುವತಿಯೊಬ್ಬಳು, ಮುಟ್ಟಿನ ದಿನಗಳೆಂದರೆ ತನಗೆ ಬಲು ಪ್ರೀತಿ, ಆಗ ಕುಣಿಯಬೇಕೆನಿಸುತ್ತದೆ ಎಂದು ನಿರ್ವಿಕಾರವಾಗಿ ಹೇಳುತ್ತ ಹಳೆಯ ಜಾಹೀರಾತುಗಳನ್ನು ಅಣಕಿಸಿದಳು. ಅಣಕಕ್ಕೊಳಗಾದ ಶೈಲಿಯನ್ನು ಕೋಟೆಕ್ಸ್ ಸ್ವತಃ ಬಳಸಿತ್ತು ಎಂಬುದು ಗಮನಾರ್ಹ. ಈ ಪ್ರಚಾರದಲ್ಲಿ ಯೋನಿ ಎಂಬರ್ಥದ ಪದಕ್ಕೆ ಮೂರು ದೂರದರ್ಶನ ಜಾಲಗಳು ಒಪ್ಪಲಿಲ್ಲ. ಅದರ ಬದಲು 'ಆ ಕೆಳಗೆ' ಎಂದು ಹೇಳಿಸಿದಾಗಲೂ ಅವುಗಳಲ್ಲಿ ಎರಡು ನಿರಾಕರಿಸಿದವು.

2012ರಲ್ಲಿ ಬ್ರಿಟನ್ನಿನ ಬಾಡಿಫಾರ್ಮ್ ಕಂಪನಿಯ ಫೇಸ್‌ಬುಕ್ ಪುಟದಲ್ಲಿ ಪುರುಷನೊಬ್ಬ, ಜಾಹೀರಾತುಗಳನ್ನು ನಂಬಿ ಮುಟ್ಟೆಂದರೆ ಸಂಭ್ರಮದ ಕಾಲವೆಂದು ತಿಳಿದಿದ್ದೆ, ಮೋಸಹೋದೆ ಎಂದು ತಮಾಷೆಯಾಗಿ ದೂರಿದ. ಕಂಪನಿ ವಿಡಿಯೊ ಮೂಲಕ ಉತ್ತರಿಸಿತು. ಅದರಲ್ಲಿ ನಟಿಯೊಬ್ಬರು ಕಲ್ಪಿತ ಮುಖ್ಯಾಧಿಕಾರಿಯಾಗಿ ಕಾಣಿಸಿಕೊಂಡು, ಲೋಟಕ್ಕೆ ನೀಲಿ ನೀರು ಬಗ್ಗಿಸಿ ಕುಡಿಯುತ್ತ, ಸುಳ್ಳು ಹೇಳಿದ್ದಕ್ಕೆ ಗಂಭೀರವಾಗಿ ಕ್ಷಮೆ ಕೇಳುತ್ತಾರೆ. 2017ರಲ್ಲಿ ಇದೇ ಸಂಸ್ಥೆ ನೀಲಿಯನ್ನು ಬಿಟ್ಟು ಕೆಂಪು ದ್ರವವನ್ನು ತೋರಿಸಿತು. ನೀಲಿಯನ್ನು ನೋಡಿ ಜನ ಒಮ್ಮೆ ನಕ್ಕ ಮೇಲೆ ಅದನ್ನು ಗಂಭೀರವಾಗಿ ಬಳಸುವುದು ಕಷ್ಟ.

ಅಂತರಜಾಲದ ಕಾಲ

ದೂರದರ್ಶನದ ಅನುಮತಿ ಬೇಕಿಲ್ಲದ ಸಣ್ಣ ಕಂಪನಿಗಳು ಇನ್ನಷ್ಟು ಮುಂದೆ ಹೋದವು. 2013ರಲ್ಲಿ ಶೌಚದ ದುರ್ವಾಸನೆ ತಡೆಯುವ ಪೂ-ಪೌರಿ ದ್ರಾವಣದ ವಿಡಿಯೊದಲ್ಲಿ ಅಂದವಾಗಿ ಸಿಂಗರಿಸಿಕೊಂಡ ಯುವತಿ ಕಮೋಡಿನ ಮೇಲೆ ಕುಳಿತೇ ಉತ್ಪನ್ನವನ್ನು ಪರಿಚಯಿಸುತ್ತಾಳೆ. 2014ರ ಹಲೋಫ್ಲೋ ವಿಡಿಯೊದಲ್ಲಿ ಉಗುರುಬಣ್ಣ ಹಚ್ಚಿ ಮುಟ್ಟಾದಂತೆ ನಟಿಸಿದ ಮಗಳಿಗೆ ತಾಯಿ ನೆಂಟರಿಷ್ಟರನ್ನೆಲ್ಲ ಕರೆದು ಔತಣ ಏರ್ಪಡಿಸಿ ಬುದ್ಧಿ ಕಲಿಸುತ್ತಾಳೆ.

ಹಾಸ್ಯ ಫಲಿಸುವ ಬಗೆ ಮತ್ತು ಮಿತಿ

ಪೀಟರ್ ಮೆಕ್‌ಗ್ರಾ ಮತ್ತು ಕೇಲೆಬ್ ವಾರೆನ್ 2010ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಒಂದು ಕಟ್ಟಳೆ ಮುರಿಯಿತು ಎಂಬ ಭಾವವೂ ಅದರಿಂದ ಅಪಾಯವಿಲ್ಲ ಎಂಬ ಭಾವವೂ ಒಟ್ಟಿಗೆ ಮೂಡಿದಾಗ ನಗು ಹುಟ್ಟುತ್ತದೆ. ನೈರ್ಮಲ್ಯ ಉತ್ಪನ್ನಗಳಲ್ಲಿ ಕಟ್ಟಳೆ ಮೊದಲೇ ಸಿದ್ಧವಾಗಿರುತ್ತದೆ. ವಸ್ತುವಿನ ಹೆಸರನ್ನು ನೇರವಾಗಿ ಹೇಳಿದರೂ ಸಾಕು. ಆದರೆ ಕಲೆಯಾದ ಬಟ್ಟೆಯನ್ನೋ ಬೆವರುವ ವ್ಯಕ್ತಿಯನ್ನೋ ಹಾಸ್ಯಾಸ್ಪದವಾಗಿಸುವ ಜಾಹೀರಾತು ಒಡೊರೊನೊದ ಭಯವನ್ನೇ ಹೊಸ ವೇಷದಲ್ಲಿ ಮಾರುತ್ತದೆ. ನಗೆ ನೆನಪಿನಲ್ಲಿ ಉಳಿದು ಉತ್ಪನ್ನದ ಹೆಸರೇ ಮರೆತುಹೋಗುವುದು ಕಂಪನಿಗಳ ಮಟ್ಟಿಗಿರುವ ಇನ್ನೊಂದು ಅಪಾಯ.

ಭಾರತದಲ್ಲಿ

ಕನ್ನಡದಲ್ಲಿ ಮುಟ್ಟನ್ನು ಹೇಳದೆ ಹೇಳಲು 'ಹೊರಗಾಗುವುದು', 'ಕಾಗೆ ಮುಟ್ಟಿದೆ' ಎಂಬ ಮಾತುಗಳಿವೆ. ಅಂಗಡಿಗಳಲ್ಲಿ ಪ್ಯಾಡನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಯೋ ಕಪ್ಪು ಚೀಲದಲ್ಲಿ ಹಾಕಿಯೋ ಕೊಡುವ ಅಭ್ಯಾಸವಿದೆ. ಬೇರೆ ಹಲವು ದೇಶಗಳಲ್ಲಿ 'ಆಲ್‌ವೇಸ್' ಎಂದು ಮಾರಾಟವಾಗುವ ಪ್ಯಾಡ್ ಇಲ್ಲಿ 'ವಿಸ್ಪರ್', ಅಂದರೆ ಪಿಸುಮಾತು. ಅದೇ ವಿಸ್ಪರ್ 2014ರಲ್ಲಿ 'ಟಚ್ ದ ಪಿಕಲ್' ಎಂಬ ಪ್ರಚಾರ ನಡೆಸಿ, ಮುಟ್ಟಾದವರು ತಾಗಿದರೆ ಉಪ್ಪಿನಕಾಯಿ ಕೆಡುತ್ತದೆ ಎಂಬ, ಕರ್ನಾಟಕದ ಮನೆಗಳಿಗೂ ಪರಿಚಿತವಾದ ನಂಬಿಕೆಯನ್ನು ಎದುರಿಸಿತು. ಗಂಭೀರ ಉಪದೇಶಕ್ಕಿಂತ ತುಂಟತನದ ಧಾಟಿಯಲ್ಲಿದ್ದ ಈ ಪ್ರಚಾರಕ್ಕೆ 2015ರಲ್ಲಿ ಕಾನ್ ಜಾಹೀರಾತು ಉತ್ಸವದ 'ಗ್ಲಾಸ್ ಲಯನ್' ವಿಭಾಗದ ಅತ್ಯುನ್ನತ ಪ್ರಶಸ್ತಿ ದೊರೆಯಿತು. 2020ರಲ್ಲಿ ನಟಿ ರಾಧಿಕಾ ಆಪ್ಟೆ ಕಾಣಿಸಿಕೊಂಡ ರಿಯೋ ಪ್ಯಾಡ್‌ನ ಜಾಹೀರಾತು ಕೆಂಪು ದ್ರವವನ್ನು ತೋರಿಸಿದಾಗ ಆಕ್ಷೇಪಗಳು ಬಂದವು.

ನೈರ್ಮಲ್ಯ ಉತ್ಪನ್ನವಲ್ಲದಿದ್ದರೂ ಅಷ್ಟೇ ಮುಜುಗರದ ಕಾಂಡೋಮ್ ವಿಷಯದಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್ ಟ್ರಸ್ಟ್ ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳಲ್ಲಿ ಪ್ರಚಾರ ಕೈಗೊಂಡಿತ್ತು. ಅದರ ಭಾಗವಾಗಿ 2008ರಲ್ಲಿ ಹೊರಬಂದ ಮೊಬೈಲ್ ರಿಂಗ್‌ಟೋನ್‌ನಲ್ಲಿ ವಾದ್ಯಗಳಿಲ್ಲದೆ ಹಲವು ಕಂಠಗಳು 'ಕಾಂಡೋಮ್' ಎಂಬ ಒಂದೇ ಪದವನ್ನು ಮತ್ತೆ ಮತ್ತೆ ಹಾಡುತ್ತಿದ್ದವು. ಜನರ ನಡುವೆ ಫೋನ್ ಮೊಳಗಿದಾಗ ಆ ಪದವನ್ನು ಎಲ್ಲರೂ ಕೇಳಬೇಕು ಎಂಬುದೇ ಅದರ ಉದ್ದೇಶವಾಗಿತ್ತು.