ನೆಲದೊಳಗಿನ ಬಸಿಗಾಲುವೆ

ಕೆರೆ ಕಟ್ಟಿಸಿದವರ ಹೆಸರು ನಮ್ಮಲ್ಲಿ ಶಾಸನಗಳಾಗಿ ನಿಂತಿದೆ. ಹೊಲಕ್ಕೆ ನೀರು ತಂದವನು ಪುಣ್ಯವಂತ. ಹೊಲದಲ್ಲಿ ಹೆಚ್ಚಾದ ನೀರನ್ನು ಹೊರಕ್ಕೆ ಕಳುಹಿಸಿದವನಿಗೆ ಯಾರು ಕಲ್ಲು ನೆಟ್ಟಾರು? ಅಂಥವನೊಬ್ಬನ ವಿಷಯವನ್ನೇ ನಾನಿಲ್ಲಿ ಹೇಳಹೊರಟಿದ್ದೇನೆ.

ನೀರು ಹೆಚ್ಚಾದರೆ ಪೈರಿಗೇನು ಕೇಡು ಎಂದು ಪಟ್ಟಣದವರು ಕೇಳಬಹುದು. ಬೇರೂ ಉಸಿರಾಡಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ನಿಂತರೆ ಗಾಳಿಗೆ ಎಡೆಯಿಲ್ಲದೆ ಬೇರು ಕೊಳೆಯುತ್ತದೆ. ರೋಮನರಿಗೂ ಇದು ತಿಳಿದಿತ್ತು. ಹಳ್ಳ ತೋಡಿ, ತಳಕ್ಕೆ ಕಲ್ಲು ತುಂಬಿ, ಮೇಲೆ ಮಣ್ಣು ಮುಚ್ಚುವ ಕ್ರಮವನ್ನು ಕೇಟೋ ಎಂಬವನು ಕ್ರಿಸ್ತಪೂರ್ವ 2ನೆಯ ಶತಮಾನದಲ್ಲೇ ಬರೆದಿಟ್ಟಿದ್ದಾನೆ.

ನಾನು ಹೇಳಬೇಕೆಂದವನು ಜಾನ್ ಜಾನ್‌ಸ್ಟನ್. 1791ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಈತ 1821ರಲ್ಲಿ ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕ್ ರಾಜ್ಯದ ಜಿನೀವಾ ಎಂಬ ಊರಿನ ಬಳಿ ಬೇಸಾಯಕ್ಕೆ ನಿಂತ. ನೆಲವೋ ನೀರಿಂಗದ ಜೇಡಿ. 1835ರಲ್ಲಿ ತವರುನಾಡಿನಿಂದ ಬಸಿಹೆಂಚಿನ ಮಾದರಿ ತರಿಸಿದ. 1838ರಲ್ಲಿ ನೆರೆಯ ವಾಟರ್ಲೂ ಊರಿನಲ್ಲಿ ಅದೇ ಮಾದರಿಯ ಹೆಂಚುಗಳನ್ನು ಕೈಯಿಂದ ಮಾಡಿಸಿದ. ತುಂಡಿಗೆ ತುಂಡು ತಾಗಿಸಿ ಇಳಿಜಾರಾಗಿ ಹೂಳಿದರೆ, ನಡುವಣ ಸಂದುಗಳಲ್ಲಿ ನೀರು ಒಳಸೇರಿ ಹರಿದುಹೋಗುತ್ತದೆ. ಗುಟ್ಟು ಇಷ್ಟೇ.

ಮಡಕೆ ಕುಡಿಕೆಗಳನ್ನು ಹೊಲದಲ್ಲಿ ಹೂಳುವ ಮರುಳನೆಂದು ನೆರೆಯವರು ನಕ್ಕರಂತೆ. ಅವನು ಹೂಳುತ್ತಲೇ ಹೋದ. ಒಟ್ಟು 72 ಮೈಲಿ! ಗೋಧಿಯ ತೆನೆ ನೋಡಿದ ಮೇಲೆ ನಕ್ಕವರೂ ಗುದ್ದಲಿ ಹಿಡಿದರು. 1848ರಲ್ಲಿ ಇಂಗ್ಲೆಂಡಿನಿಂದ ಹೆಂಚಿನ ಯಂತ್ರ ಬಂದು ಬೆಲೆಯೂ ಇಳಿಯಿತು. 1880ರಲ್ಲಿ ಜಾನ್‌ಸ್ಟನ್ ತೀರಿಕೊಂಡ. ಅವನ ಮನೆಯಲ್ಲೇ ಈಗ ಬಸಿಹೆಂಚುಗಳ ವಸ್ತುಸಂಗ್ರಹಾಲಯವಿದೆ.

ಇದು ನಮಗೆ ಸಂಬಂಧಪಡದ ಪರದೇಶದ ಕಥೆಯಲ್ಲ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. ಒಣಭೂಮಿ ಭತ್ತದ ಕಣಜವಾಯಿತು. ಆದರೆ ಕೆಳಭಾಗದ ಕಪ್ಪು ಮಣ್ಣಿನಲ್ಲಿ ಅಂತರ್ಜಲ ಮೇಲೇರಿತು. ನೀರು ಆವಿಯಾಗಿ ಹೋದಾಗ ಅದರ ಉಪ್ಪು ನೆಲದಲ್ಲೇ ಉಳಿಯಿತು. ಸವಳು, ಜವಳು ಎಂಬ ಮಾತುಗಳು ಗಂಗಾವತಿ, ಸಿಂಧನೂರುಗಳ ರೈತರಿಗೆ ಚೆನ್ನಾಗಿ ಗೊತ್ತು. ಅಲ್ಲಿ ಈಗ ಹೆಂಚಿನ ಬದಲು ತೂತುಗಳಿರುವ ಪ್ಲಾಸ್ಟಿಕ್ ಕೊಳವೆಗಳನ್ನು ಹೂಳಿ, ಉಪ್ಪನ್ನು ನೀರಿನೊಡನೆ ಬಸಿಯುವ ಕೆಲಸ ಕೆಲವೆಡೆ ನಡೆದಿದೆ.

ನನಗೆ ತೋರುವಂತೆ ಕೊಳವೆ ಹೂಳುವುದಕ್ಕಿಂತ ಕಷ್ಟದ ಕೆಲಸವೊಂದಿದೆ. ನೀರು ತರುವಾಗ ಎಲ್ಲರೂ ಒಟ್ಟಾಗುತ್ತಾರೆ. ಬಸಿದ ನೀರಾದರೋ ಒಬ್ಬನ ಹೊಲದಿಂದ ಹೊರಟು ಇನ್ನೊಬ್ಬನ ಬದು ದಾಟಿ ಹಳ್ಳ ಸೇರಬೇಕು. ಆ ಇನ್ನೊಬ್ಬ ಒಪ್ಪದಿದ್ದರೆ ಎಂಥ ಕೊಳವೆಯೂ ನಿರರ್ಥಕ.