ಹರಿಗೋಲಿನ ಹೊದಿಕೆ

ಚರಿತ್ರೆಯೆಂದೊಡನೆ ಅರಸರೂ ಯುದ್ಧಗಳೂ ನೆನಪಾಗುತ್ತವೆ. ಹರಿಗೋಲಿಗೂ ಒಂದು ಚರಿತ್ರೆಯಿದೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು.

1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜನರು ಬುಟ್ಟಿಯಂಥ ದುಂಡು ದೋಣಿಗಳಲ್ಲಿ ತುಂಗಭದ್ರೆಯನ್ನು ದಾಟುತ್ತಿದ್ದುದನ್ನು ದಾಖಲಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಒಂದರಲ್ಲಿ 15–20 ಜನ. ಕಾಲಾಂತರದಲ್ಲಿ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ದೋಣಿ ಕಟ್ಟಲು ಬಳಕೆಗೆ ಬಂದ ಫೈಬರ್ ಗ್ಲಾಸ್, ಮುಂದೆ ನಮ್ಮ ಮೀನುಗಾರರ ಹರಿಗೋಲಿಗೂ ಬಂದಿತು.

ಹೊದಿಕೆ ಬದಲಾದರೂ ಆಕಾರ ಬದಲಾಗಲಿಲ್ಲ. ಅಗಲವಾದ ಚಪ್ಪಟೆ ತಳ ಗೇಣು ಆಳದ ನೀರಿನಲ್ಲೂ ತೇಲುತ್ತದೆ. ಒಬ್ಬನೇ ಕುಳಿತು ಹುಟ್ಟು ಹಾಕುತ್ತ ಬಲೆ ಬಿಡಬಹುದು.

ಫೈಬರ್ ಕೊಳೆಯುವುದಿಲ್ಲ, ನಿಜ. ಆದರೆ ಬಿರುಕು ಬಿಟ್ಟರೆ ಗಾಜಿನ ನಾರು, ರಾಳ ಪೇಟೆಯಿಂದಲೇ ಬರಬೇಕು. ಬಿದಿರಿನ ಹರಿಗೋಲನ್ನಾದರೋ ಅಂಬಿಗನು ದಡದಲ್ಲಿ ಕುಳಿತು ತಾನೇ ಹೆಣೆಯುತ್ತಿದ್ದ, ತಾನೇ ತೇಪೆ ಹಾಕುತ್ತಿದ್ದ. ಆ ಸ್ವಾವಲಂಬನೆಯೇ ಇಲ್ಲಿ ನಾವು ತೆತ್ತ ಬೆಲೆ.

ಹೊಳೆದಂಡೆಯ ಊರುಗಳಲ್ಲಿರುವ ನನ್ನ ವಿದ್ಯಾರ್ಥಿಗಳು, ಹೆಣಿಗೆ ಬಲ್ಲ ಹಿರಿಯರನ್ನು ಕೇಳಿ ಆ ವಿದ್ಯೆಯನ್ನು ಬರೆದಿಡಿ. ಅದೂ ಚರಿತ್ರೆಯೇ.