ಅಸಾನ್ಯ, ಮ್ಯಾನುಯೆಲ್ (1880–1940)

ಸ್ಪೇನಿನ ಲೇಖಕ, ರಾಜಕಾರಣಿ. ಅಂತರ್ಯುದ್ಧದ ಕಾಲದಲ್ಲಿ ಗಣರಾಜ್ಯದ ಅಧ್ಯಕ್ಷ. ಹುಟ್ಟೂರು ಮ್ಯಾಡ್ರಿಡ್ ಬಳಿಯ ಅಲ್ಕಲಾ ದೆ ಎನಾರೆಸ್. 1931–33ರಲ್ಲಿ ಪ್ರಧಾನಿಯಾಗಿ ಸೈನ್ಯ ಮತ್ತು ಭೂ ಸುಧಾರಣೆಗೆ ಕೈಹಾಕಿ, ಸೇನಾಧಿಕಾರಿಗಳ, ಚರ್ಚಿನ ವೈರ ಕಟ್ಟಿಕೊಂಡರು. 1936ರ ಮೇ ತಿಂಗಳಲ್ಲಿ ಅಧ್ಯಕ್ಷರಾದರು. ಜುಲೈನಲ್ಲಿ ಸೇನೆ ದಂಗೆಯೆದ್ದಿತು.

ಅಲ್ಲಿಂದಾಚೆಗೆ ಅವರದು ಹೆಸರಿಗಷ್ಟೇ ಅಧ್ಯಕ್ಷಗಿರಿ. ಯುದ್ಧ ಗೆಲ್ಲುವ ನಂಬಿಕೆ ಅವರಿಗೆ ಬೇಗನೆ ಹೋಯಿತು, ಆದರೂ ಕುರ್ಚಿ ಬಿಡಲಿಲ್ಲ. ಇದನ್ನು ಹೇಡಿತನವೆಂದವರುಂಟು, ಅವರ ದಿನಚರಿ ಓದಿದವರಿಗೆ ಆ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. 1937ರ ಮೇನಲ್ಲಿ ಬಾರ್ಸಿಲೋನಾದ ಬೀದಿಗಳಲ್ಲಿ ಗಣರಾಜ್ಯದ ಪಕ್ಷದವರೇ ಒಬ್ಬರಿಗೊಬ್ಬರು ಗುಂಡು ಹಾರಿಸುತ್ತಿದ್ದಾಗ, ಹೊರಬರಲಾಗದೆ ಒಳಗೆ ಸಿಕ್ಕಿಕೊಂಡ ಅಧ್ಯಕ್ಷರು ಯುದ್ಧದ ಕುರಿತ ತಮ್ಮ ಸಂವಾದಕೃತಿ ‘ಲಾ ವೆಲಾದಾ ಎನ್ ಬೆನಿಕಾರ್ಲೋ’ದ ಅಂತಿಮ ಪಾಠವನ್ನು ಹೇಳಿ ಬರೆಸುತ್ತಿದ್ದರು. 1938ರ ಜುಲೈ 18ರ ಭಾಷಣವನ್ನು ಶಾಂತಿ, ಕರುಣೆ, ಕ್ಷಮೆ ಎಂಬ ಮೂರು ಪದಗಳಿಂದ ಮುಗಿಸಿದರು. ಎರಡೂ ಕಡೆ ಕಿವಿಗೊಟ್ಟವರು ಕಡಿಮೆ.

1939ರ ಫೆಬ್ರವರಿ 5ರ ನಸುಕಿನಲ್ಲಿ ಫ್ರಾನ್ಸಿನ ಗಡಿಯತ್ತ ಹೊರಟಾಗ ಜೊತೆಗಿದ್ದ ಕಾರೊಂದು ಕೆಟ್ಟು ದಾರಿಗಡ್ಡ ನಿಂತಿತು. ಅಧ್ಯಕ್ಷರು ಬೆಟ್ಟದ ಹಾದಿಯನ್ನು ನಡೆದೇ ದಾಟಿದರು. ಅದೇ 27ರಂದು ರಾಜೀನಾಮೆ ಕೊಟ್ಟರು.

1940ರ ನವೆಂಬರ್ 3ರಂದು ಮೊಂತೊಬಾನ್ ಪಟ್ಟಣದ ಹೋಟೆಲೊಂದರಲ್ಲಿ ತೀರಿಕೊಂಡರು. ಶವಪೆಟ್ಟಿಗೆಗೆ ಗಣರಾಜ್ಯದ ಧ್ವಜ ಹೊದಿಸಲು ಫ್ರೆಂಚ್ ಅಧಿಕಾರಿಗಳು ಬಿಡಲಿಲ್ಲ. ಆಸರೆ ನೀಡಿದ್ದ ಮೆಕ್ಸಿಕೊ ದೇಶದ ಧ್ವಜವನ್ನೇ ಹೊದಿಸಿ ಮಣ್ಣು ಮಾಡಿದರು.